ಡೆಲ್ಮರ್ ಪಿಕೆಟ್ಟನ ನಾಲ್ಕು ಬೆರಳು

ಡೆಲ್ಮರ್ ಪಿಕೆಟ್ಟನ ಗಾಡಿಗೆ ಎರಡು ಸೀಟು. ಒಂದರಲ್ಲಿ ಡೆಲ್ಮರ್ ಕೂರುತ್ತಿದ್ದ, ಇನ್ನೊಂದರಲ್ಲಿ ಐಸ್ ಪೆಟ್ಟಿಗೆ ಕೂರುತ್ತಿತ್ತು. ಬಂಡೆ ಹತ್ತಲೆಂದೇ ಮಾಡಿದ ಈ ಜಾತಿಯ ಪುಟ್ಟ ಮೋಟಾರು ಗಾಡಿಗೆ ಸೈಡ್ ಬೈ ಸೈಡ್ ಎಂದು ಹೆಸರಿಟ್ಟವರು ಪಕ್ಕಪಕ್ಕ ಕೂರುವ ಗಂಡಹೆಂಡಿರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಟ್ಟಿರಬೇಕು, ಐಸ್ ಪೆಟ್ಟಿಗೆಯನ್ನಂತೂ ಅಲ್ಲ. ಆದರೂ ಡೆಲ್ಮರ್ ಆ ಪೆಟ್ಟಿಗೆಗೆ ಸೀಟ್ ಬೆಲ್ಟು ಬಿಗಿಯುವ ಅಕ್ಕರೆಯನ್ನು ನೋಡಿದವರು, ಅದು ಅವನ ಹೆಂಡತಿಯ ಕಡೆಯ ನೆಂಟಸ್ತಿಕೆ ಇರಬಹುದು ಎಂದುಕೊಳ್ಳುತ್ತಿದ್ದರು.

ನಿಜವಾದ ಹೆಂಡತಿ ನೊರೀನ್ ಶನಿವಾರ ಶನಿವಾರ ತನ್ನ ಅಣ್ಣ ಗಾರ್ತನ ನಾಲ್ಕು ಸೀಟಿನ ಗಾಡಿಯ ಹಿಂಬದಿಯಲ್ಲಿ ಕೂತು ಬರುತ್ತಿದ್ದಳು. ನಮ್ಮ ಡ್ರೈ ಫೋರ್ಕ್ ಊರಿನಲ್ಲಿ ಗಾರ್ತ್ ಸಣ್ಣ ಮನುಷ್ಯನಲ್ಲ. ಬಂಡೆದಾರಿಯ ಗಾಡಿ ಸಂಘಕ್ಕೆ ಅವನೇ ಅಧ್ಯಕ್ಷ, ಕಣಿವೆಯಲ್ಲಿ ಸಿಕ್ಕಿಬಿದ್ದವರನ್ನು ಹುಡುಕುವ ಸ್ವಯಂಸೇವಕರ ತಂಡಕ್ಕೂ ಅವನೇ ನಾಯಕ. ಇವೆರಡರ ಜೊತೆಗೆ ಡೆಲ್ಮರನಿಗೆ ಹೆಂಡತಿಯ ಅಣ್ಣನೂ ಆಗಿದ್ದ. ಈ ಮೂರನೆಯ ಹುದ್ದೆಯನ್ನು ಅವನು ಉಳಿದೆರಡಕ್ಕಿಂತ ಶ್ರದ್ಧೆಯಿಂದ ನಡೆಸುತ್ತಿದ್ದ.

ನೊರೀನ್ ಗಂಡನ ಗಾಡಿ ಬಿಟ್ಟಿದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಡೆಲ್ಮರ್ ಹೆಂಡತಿಗೆ ತನ್ನ ಚಾಕಚಕ್ಯತೆ ತೋರಿಸಲು ಹೋಗಿ, ಹಸುವಿನಷ್ಟು ಎತ್ತರದ ಒಂದು ಬಂಡೆಯ ಮೇಲೆ ಎರಡು ಚಕ್ರ ಹತ್ತಿಸಿ ಎರಡು ಚಕ್ರ ಕೆಳಗೇ ಬಿಟ್ಟ. ಗಾಡಿ ಮಗ್ಗುಲಿಗೆ ವಾಲಿ ಅಲ್ಲೇ ನಿಂತುಬಿಟ್ಟಿತು. ವಾಲಿದ್ದು ನೊರೀನಳ ಕಡೆಗೆ. ಮಡಿಲಿನಲ್ಲಿದ್ದ ಆಲೂಗಡ್ಡೆ ಸಲಾಡು ಅವಳ ಹೊಸ ಕೇಶಾಲಂಕಾರಕ್ಕೆ ಸೇರಿತು. ದನ ಕಾಯುವ ಮುದುಕನೊಬ್ಬ ಹೇಸರಗತ್ತೆ ಕಟ್ಟಿ ಎಳೆಯುವ ತನಕ ಇಬ್ಬರೂ ಬೆಲ್ಟಿನಲ್ಲಿ ನೇತಾಡಿದರು. ನೆಲಕ್ಕೆ ಕಾಲಿಟ್ಟ ಕೂಡಲೇ ನೊರೀನ್ ತಣ್ಣಗೆ ಹೇಳಿದಳು: "ಡೆಲ್ಮರ್, ನೀನು ನಾಲ್ಕು ಜನ ನೋಡೋ ಹಾಗೆ ಅಜ್ಜಿ ಮೆಟ್ಟಿಲು ಹತ್ತಿ ತೋರ್ಸು. ಆಮೇಲೆ ನಿನ್ನ ಪಕ್ಕ ಕೂರ್ತೀನಿ. ಅಲ್ಲೀವರೆಗೂ ಆ ಸೀಟಲ್ಲಿ ಯಾರನ್ನಾದ್ರೂ ಕೂರ್ಸಿಕೋ, ನಂದೇನೂ ತಕರಾರಿಲ್ಲ."

ಅಜ್ಜಿ ಮೆಟ್ಟಿಲು ಎನ್ನುವುದು ನಮ್ಮೂರ ಹಿಂದಿನ ಕೆಂಪು ಬಂಡೆಯ ಗುಡ್ಡಕ್ಕೆ ಹತ್ತುವ ದಾರಿ. ಯಾವುದೋ ಕಾಲದಲ್ಲಿ ಒಬ್ಬ ಅಜ್ಜಿ ಅಲ್ಲಿ ಎತ್ತಿನ ಬಂಡಿಯನ್ನು ಇಳಿಸಿದ್ದಳಂತೆ. ಅದಕ್ಕೇ ಒಂದೊಂದು ಮೆಟ್ಟಿಲಿಗೂ ಅವಳ ಮೈಯ ಒಂದೊಂದು ಭಾಗದ ಹೆಸರು. ಕೆಳಗೆ ಹೆಬ್ಬೆರಳು, ಆಮೇಲೆ ಮೊಣಕಾಲು, ಅದರಾಚೆ ಸ್ವಲ್ಪ ಅಗಲವಾಗಿ ಮಡಿಲು, ತುದಿಯಲ್ಲಿ ಮುಂದಕ್ಕೆ ಚಾಚಿದ ಗದ್ದ. ಮಡಿಲು ಬಿಟ್ಟರೆ ಉಳಿದ ಕಡೆಯೆಲ್ಲ ಒಂದೇ ಗಾಡಿಯ ಅಗಲ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಗಾಳಿ.

ಡೆಲ್ಮರ್ ಊರಿನ ಶಾಲಾ ಬಸ್ಸಿನ ಚಾಲಕ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಅವನಷ್ಟು ಜಾಗರೂಕ ಚಾಲಕ ಸುತ್ತಮುತ್ತ ಇರಲಿಲ್ಲ. ಮಕ್ಕಳ ತಲೆ ಎಣಿಸಿಯೇ ಬಸ್ಸು ಬಿಡುತ್ತಿದ್ದ. ಅಂಥವನು ಒಂದು ವರ್ಷವಿಡೀ ಶನಿವಾರ ಬೆಳಿಗ್ಗೆ ಹೆಂಡತಿ ಇನ್ನೊಂದು ಗಾಡಿ ಹತ್ತುವುದನ್ನು ನೋಡಿದ. ಗಾರ್ತ್ ಕಿಟಕಿಯಿಂದ ಕೂಗುತ್ತಿದ್ದ: "ಏನಪ್ಪಾ ಡೆಲ್ಮರ್, ನಿನ್ನ ಪೆಟ್ಟಿಗೆಗೆ ಚಳಿಯಾಗ್ತಿಲ್ಲ ತಾನೇ?" ವಸಂತದ ರಜೆ ಬಂದು ಬಸ್ಸು ನಿಂತ ವಾರ, ಡೆಲ್ಮರ್ ತೀರ್ಮಾನ ಮಾಡಿಬಿಟ್ಟ. ಅಜ್ಜಿಯನ್ನು ಹತ್ತಿಯೇ ಸಿದ್ಧ, ಆಕಾಶ ಕೆಳಗೆ ಬಂದರೂ ಸರಿ.

ಮೊದಲು ಯಾರಿಗೂ ತಿಳಿಯದಂತೆ ಒಂದು ಸಲ ಹತ್ತಿ ನೋಡುವುದು, ಹತ್ತಿದರೆ ಆಮೇಲೆ ನಾಲ್ಕು ಜನರನ್ನು ಕರೆಯುವುದು ಎಂಬುದು ಅವನ ಯೋಜನೆ. ಯೋಜನೆ ಚೆನ್ನಾಗಿತ್ತು. ಸಂಘದ ಮೊದಲನೆಯ ನಿಯಮಕ್ಕೆ ವಿರುದ್ಧವಾಗಿತ್ತು ಅನ್ನುವುದೊಂದೇ ತೊಡಕು. ಬಂಡೆದಾರಿಗೆ ಯಾರೂ ಒಬ್ಬಂಟಿಯಾಗಿ ಹೋಗಕೂಡದು ಎಂಬ ಆ ನಿಯಮವನ್ನು ಬರೆದವನು ಗಾರ್ತ್, ಬೋರ್ಡಿಗೆ ಬಣ್ಣ ಬಳಿದವನು ಡೆಲ್ಮರ್.

ಗುರುವಾರ ಬೆಳಿಗ್ಗೆ ಅವನು ಪೆಟ್ಟಿಗೆಗೆ ನಾಲ್ಕು ಡಬ್ಬಿ ಸೋಡಾ, ಸ್ಯಾಂಡ್‌ವಿಚ್ಚು, ನೊರೀನ್ ಹಾಕಿಟ್ಟಿದ್ದ ಬೀಟ್ರೂಟ್ ಉಪ್ಪಿನಕಾಯಿಯ ಒಂದು ಬಾಟಲಿ ತುಂಬಿಕೊಂಡು ಹೊರಟ. ಹೆಬ್ಬೆರಳನ್ನು ಸಲೀಸಾಗಿ ಹತ್ತಿದ. ಮೊಣಕಾಲಿನಲ್ಲಿ ಗಾಡಿ ಕುದುರೆಯಂತೆ ಮುಂಗಾಲೆತ್ತಿತು. ಎರಡು ಸಲ ಹಿಂದಕ್ಕೆ ಜಾರಿತು. ಮೂರನೆಯ ಸಲ ಡೆಲ್ಮರ್ ಹಲ್ಲು ಕಚ್ಚಿ ಒತ್ತಿದಾಗ ಗಾಡಿ ಹತ್ತಿತು, ಪೆಟ್ಟಿಗೆ ಬೆಲ್ಟಿನೊಳಗಿಂದಲೇ ಬಾಯಿ ತೆರೆದು ಒಳಗಿದ್ದದ್ದನ್ನೆಲ್ಲ ಹೊರಕ್ಕೆ ಕಾರಿತು. ಮೆಟ್ಟಿಲ ನಡುವೆ ನಿಲ್ಲಿಸುವಂತಿರಲಿಲ್ಲ. ಊಟ ಹೋದರೆ ಹೋಗಲಿ, ಮಾನ ಉಳಿಯಲಿ ಎಂದುಕೊಂಡು ಅವನು ಮಡಿಲಿನತ್ತ ಸಾಗಿದ.

ಮಡಿಲಿನ ತಿರುವಿನಲ್ಲಿ ಎದುರಿನಿಂದ ಗಾಡಿಗಳು ಬಂದವು.

ನಮ್ಮ ಕಡೆಯ ಬಂಡೆದಾರಿಗಳಲ್ಲಿ ಒಂದು ಪದ್ಧತಿಯಿದೆ. ಗಾಡಿಗಳು ಎದುರಾದಾಗ ಪ್ರತಿ ಚಾಲಕನೂ ತನ್ನ ಗುಂಪಿನವು ಇನ್ನೆಷ್ಟು ಹಿಂದೆ ಬರುತ್ತಿವೆ ಎಂದು ಬೆರಳೆತ್ತಿ ತೋರಿಸಬೇಕು. ಐದು ಇದ್ದರೆ ಐದು ಬೆರಳು, ಎರಡಿದ್ದರೆ ಎರಡು. ಕೊನೆಯ ಗಾಡಿಯವನು ಮುಷ್ಟಿ ತೋರಿಸಬೇಕು. ನನ್ನ ಹಿಂದೆ ಯಾರೂ ಇಲ್ಲ, ನೀವು ಧೈರ್ಯವಾಗಿ ಹೊರಡಿ ಎಂದು ಅದರ ಅರ್ಥ. ಮಾತು ತಪ್ಪುವವರು ನಮ್ಮೂರಲ್ಲೂ ಇದ್ದಾರೆ, ಆದರೆ ಬೆರಳು ತಪ್ಪುವವರು ಇರಲಿಲ್ಲ.

ಎದುರಿನ ಮೊದಲ ಗಾಡಿಯ ಬಿಳಿಗಡ್ಡದ ಚಾಲಕ ಐದು ಬೆರಳೆತ್ತಿದ. ದೂರದ ನೆಬ್ರಾಸ್ಕಾ ರಾಜ್ಯದ ನಂಬರ್ ಫಲಕ ಹೊತ್ತ ಗಾಡಿಗಳು. ನೌಕರಿಯಿಂದ ನಿವೃತ್ತರಾದ ಗಂಡಹೆಂಡಿರು, ಪ್ರತಿ ಗಾಡಿಯಲ್ಲೂ ಪಕ್ಕಪಕ್ಕ ಕೂತು ನಗುತ್ತಿದ್ದರು. ಒಂದೊಂದು ಗಾಡಿಯಲ್ಲೂ ಇಬ್ಬಿಬ್ಬರು. ಡೆಲ್ಮರನ ಪಕ್ಕದಲ್ಲಿ ಮುಚ್ಚಳ ಮುರಿದ ಪೆಟ್ಟಿಗೆ. ಈಗ ಅವನು ಮುಷ್ಟಿ ತೋರಿಸಬೇಕಿತ್ತು. ಮುಷ್ಟಿ ತೋರಿಸಿದರೆ ಒಬ್ಬಂಟಿ ಎಂದು ಒಪ್ಪಿಕೊಂಡಂತೆ, ನಿಯಮ ಮುರಿದವನು ಎಂದು ಸಾರಿದಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಗಾದೆ ಆ ಕಣಿವೆಗೆ ಬಂದು ಮುಟ್ಟಿದ ಗಳಿಗೆ ಅದು. ಡೆಲ್ಮರನ ಕೈ ಮೇಲೆದ್ದಿತು. ಒಂದು ಬೆರಳು ದರಿದ್ರವಾಗಿ ಕಂಡೀತು, ಎರಡಾದರೆ ಮನೆಮಂದಿಯನ್ನು ಕರೆದುಕೊಂಡು ಬಂದಂತೆ. ಗಂಭೀರವಾಗಿ, ಮುಂದಾಳುವಿನ ಗತ್ತಿನಲ್ಲಿ, ಅವನು ನಾಲ್ಕು ಬೆರಳು ತೋರಿಸಿದ.

ಬಿಳಿಗಡ್ಡದವನು ಗೌರವದಿಂದ ತಲೆಬಾಗಿ, ತನ್ನ ಆರೂ ಗಾಡಿಗಳನ್ನು ಮಡಿಲಿನ ಬದಿಗೆ ನಿಲ್ಲಿಸಿದ. ಹತ್ತುವವರಿಗೆ ದಾರಿ ಬಿಡುವುದು ಇಳಿಯುವವರ ಧರ್ಮ. ಡೆಲ್ಮರ್ ಹೆಮ್ಮೆಯಿಂದ ಮುಂದೆ ಹೋದ, ಹೋದವನು ಆ ನಾಲ್ಕು ಗಾಡಿಗಳನ್ನು ಮರೆತೂಬಿಟ್ಟ. ಇಲ್ಲದ ವಸ್ತುವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಲಾಗುತ್ತದೆ?

ಗದ್ದವನ್ನೂ ಅವನು ಹತ್ತಿದ. ಹೇಗೆ ಹತ್ತಿದ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ನೋಡಿದ್ದು ಒಂದು ಕಾಗೆ ಮಾತ್ರ. ಗುಡ್ಡದ ನೆತ್ತಿಯಲ್ಲಿ ನಿಂತು ಸಾಕ್ಷಿಗೆಂದು ತನ್ನ ಫೋಟೋ ತೆಗೆದುಕೊಂಡ, ಅದರಲ್ಲಿ ಮೂಗಿನ ಒಂದು ಹೊಳ್ಳೆ ಸ್ಪಷ್ಟವಾಗಿ ಬಂತು. ಇನ್ನಷ್ಟು ತೆಗೆದ, ಎಲ್ಲದರಲ್ಲೂ ಹೊಳ್ಳೆಯೇ. ಕೊನೆಗೆ ಅದನ್ನೇ ಜೋಪಾನ ಮಾಡಿಕೊಂಡು, ಗುಡ್ಡದ ಹಿಂದಿನ ಜಲ್ಲಿ ರಸ್ತೆಯಲ್ಲಿ ಸುತ್ತು ಹಾಕಿ ಊರಿಗೆ ಇಳಿದ.

ಇತ್ತ ಮಡಿಲಿನಲ್ಲಿ ನೆಬ್ರಾಸ್ಕಾದವರು ಕಾದರು. ಸ್ಯಾಂಡ್‌ವಿಚ್ಚು ತಿಂದು ಕಾದರು, ಕಾಫಿ ಕುಡಿದು ಕಾದರು, ಗಂಡಹೆಂಡಿರು ಸೇರಿ ಒಂದು ಆಟ ಇಸ್ಪೀಟು ಆಡಿ ಮುಗಿಸಿದರು. ನಾಲ್ಕರಲ್ಲಿ ಒಂದೂ ಬರಲಿಲ್ಲ. ಬಿಳಿಗಡ್ಡದ ವೆಂಡೆಲ್ ಮೆಲ್ಲಗೆ ಕೆಳಗೆ ನಡೆದು ಮೊಣಕಾಲಿನ ಅಂಚಿನಿಂದ ಇಣುಕಿದ. ಜಾರಿದ ಚಕ್ರಗಳ ಗುರುತು. ಕೆಳಗೆ ಬಂಡೆಗಳ ನಡುವೆ ಚೆಲ್ಲಾಪಿಲ್ಲಿಯಾದ ನಾಲ್ಕು ಸೋಡಾ ಡಬ್ಬಿ, ನಾಲ್ಕೂ ನಜ್ಜುಗುಜ್ಜು. ಪಕ್ಕದ ಬಂಡೆಯ ಮೇಲೆ ಕೆಂಪು ಕಲೆ. ಆ ಕಣಿವೆಯಲ್ಲಿ ಬಂಡೆಯೆಲ್ಲ ಕೆಂಪೇ, ಆದರೆ ಈ ಕೆಂಪು ಒದ್ದೆಯಾಗಿತ್ತು. ವೆಂಡೆಲ್ ಟೋಪಿ ತೆಗೆದು ಎದೆಗಿಟ್ಟುಕೊಂಡ. ಆಮೇಲೆ ತನ್ನವರೊಡನೆ ಗುಡ್ಡದ ಬುಡಕ್ಕೆ ಇಳಿದು ಊರಿಗೆ ಫೋನು ಮಾಡಿದ.

ಡೆಲ್ಮರ್ ಪೆಟ್ರೋಲ್ ಬಂಕಿನ ಹೋಟೆಲಿಗೆ ಕಾಲಿಟ್ಟಾಗ ಇಡೀ ಊರೇ ಅಲ್ಲಿತ್ತು. ತನ್ನ ವಿಜಯದ ಸುದ್ದಿ ಇಷ್ಟು ಬೇಗ ಹೇಗೆ ಹಬ್ಬಿತು ಎಂದು ಅವನಿಗೆ ಆಶ್ಚರ್ಯವಾಯಿತು. ಗಾರ್ತ್ ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಊರಿನ ಪೊಲೀಸು, ಷರೀಫರ ಕಚೇರಿಯ ಡೆಪ್ಯುಟಿ ಶೆಲ್ಬಿ ವೈರ್‌ಲೆಸ್ಸಿನಲ್ಲಿ ಮಾತಾಡುತ್ತಿದ್ದಳು.

"ಅಜ್ಜಿ ಮೆಟ್ಟಿಲಲ್ಲಿ ನಾಲ್ಕು ಗಾಡಿ ಕಾಣೆ," ಎಂದ ಗಾರ್ತ್. "ಮುಂದಾಳು ತನ್ನ ಪಾಡಿಗೆ ಮೇಲೆ ಹೋಗ್ಬಿಟ್ಟಿದ್ದಾನೆ, ಹಿಂದಿನೋರು ಬಂದ್ರಾ ಬಿಟ್ರಾ ಅಂತ ತಿರುಗಿ ಕೂಡ ನೋಡಿಲ್ಲ. ಯಾರ್ಯಾರು ಹುಡುಕೋಕೆ ಬರ್ತೀರಿ?"

ಎಲ್ಲರಿಗಿಂತ ಮೊದಲು ಎದ್ದ ಕೈ ಡೆಲ್ಮರನದು. ಕೈಯೆತ್ತಿದ್ದಷ್ಟೇ ಅಲ್ಲ, ಭಾಷಣವನ್ನೂ ಮಾಡಿದ. "ನಾನು ಬಸ್ಸು ಓಡ್ಸೋನು. ಒಂದು ಮಗು ಕಮ್ಮಿ ಆದ್ರೂ ಗೇರ್ ಹಾಕಲ್ಲ. ನಾಲ್ಕು ಗಾಡೀನ ಬಿಟ್ಟು ಹೋದ್ನಲ್ಲ, ಅವನು ಮನುಷ್ಯನಾ? ಅಂಥೋನಿಗೆ ಇನ್ನು ಜನ್ಮದಲ್ಲಿ ಚಕ್ರ ಇರೋದು ಯಾವುದನ್ನೂ ಮುಟ್ಟೋಕೆ ಬಿಡಬಾರದು. ಸಂತೆ ತಳ್ಳುಗಾಡೀನೂ ಕೊಡಬಾರದು."

ಜನ ಚಪ್ಪಾಳೆ ತಟ್ಟಿದರು. ಗಾರ್ತ್ ಮೊದಲ ಬಾರಿಗೆ ತಂಗಿಯ ಗಂಡನನ್ನು ಮೆಚ್ಚುಗೆಯಿಂದ ನೋಡಿದ. "ಸರಿಯಾಗಿ ಹೇಳ್ದೆ ಕಣಯ್ಯಾ. ನಿನ್ನಲ್ಲೂ ಏನೋ ಇದೆ."

ಹುಡುಕುವ ದಂಡು ಗುಡ್ಡದ ಬುಡ ತಲುಪಿತು, ಡೆಲ್ಮರನನ್ನು ಬಿಟ್ಟು ಹನ್ನೊಂದು ಗಾಡಿ. ನೊರೀನ್ ನೀರಿನ ಕ್ಯಾನು ಹಿಡಿದುಕೊಂಡು ಬಂದಿದ್ದಳು. ನಮ್ಮ ಚರ್ಚಿನವರು ಒಬ್ಬರನ್ನೊಬ್ಬರು ಕರೆಯುವುದೇ ಬ್ರದರ್, ಸಿಸ್ಟರ್ ಎಂದು. ಪಕ್ಕದ ಮನೆಯ ಸಿಸ್ಟರ್ ಆರ್ಡಿತ್ ಆಗಲೇ ನಾಲ್ಕು ತಟ್ಟೆ ಆಲೂಗಡ್ಡೆ ಚೀಸು ಬೇಯಿಸಿ ತಂದಿದ್ದಳು. ನಮ್ಮೂರಲ್ಲಿ ಅದನ್ನು ಒಯ್ಯುವುದು ಸಾವಿನ ಮನೆಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಹೆಂಗಸು ಅವಳು. ಆದರೆ ಅವಳ ಕೈರುಚಿಯ ಬಗ್ಗೆ ಸತ್ತವರ ಮನೆಯವರು ಯಾರೂ ದೂರು ಹೇಳಿದ್ದಿಲ್ಲ.

"ಒಂದೊಂದು ಮನೆಗೆ ಒಂದೊಂದು," ಎಂದಳು ಆರ್ಡಿತ್. "ಮನೆ ಯಾವುವು ಅಂತ ಗೊತ್ತಾದ್ರೆ ಬಿಸಿ ಇರೋವಾಗ್ಲೇ ಕೊಟ್ಟು ಬರ್ತೀನಿ."

ಅಷ್ಟರಲ್ಲಿ ಬಿಳಿಗಡ್ಡದ ವೆಂಡೆಲ್ ಜನರನ್ನು ಸೀಳಿಕೊಂಡು ಓಡಿ ಬಂದು ಡೆಲ್ಮರನನ್ನು ತಬ್ಬಿಕೊಂಡ. "ನೀವಾದ್ರೂ ಬದುಕಿದ್ದೀರಲ್ಲ! ದೇವರು ದೊಡ್ಡೋನು." ಆಮೇಲೆ ಎಲ್ಲರ ಕಡೆ ತಿರುಗಿ ಹೇಳಿದ: "ಇವರೇ. ಮುಂದಿನ ಗಾಡಿಯೋರು ಇವರೇ. ನನಗೆ ನಾಲ್ಕು ಬೆರಳು ತೋರ್ಸಿದ್ರು."

ಡೆಲ್ಮರನಿಗೆ ಬೆಳಗಿನ ನಾಲ್ಕು ಬೆರಳು ಆಗ ನೆನಪಾದವು. ನೆನಪಾದ ಕೂಡಲೇ ಆ ಕೈಯನ್ನು ಜೇಬಿಗೆ ಹಾಕಿಕೊಂಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ.

"ನೀನಾ?" ಎಂದ ಗಾರ್ತ್.

"ಅದು ಏನಂದ್ರೆ ಗಾರ್ತ್..." ಎಂದು ಡೆಲ್ಮರ್ ಶುರು ಮಾಡಿದ.

"ಇವರಿಗೆ ಆಘಾತ ಆಗಿದೆ," ಎಂದು ಡೆಪ್ಯುಟಿ ಶೆಲ್ಬಿ ಅವನಿಗೆ ಕಂಬಳಿ ಹೊದಿಸಿದಳು. "ಮಾತಾಡಿಸ್ಬೇಡಿ. ಬಂಕಲ್ಲಿ ತನ್ನನ್ನ ತಾನೇ ಬೈಕೊಂಡ್ರಲ್ಲ, ಪಾಪ, ಅದೂ ಇದೇ. ನಾನು ತರಬೇತೀಲಿ ಓದಿದೀನಿ. ಬ್ರದರ್ ಪಿಕೆಟ್, ಆ ನಾಲ್ಕು ಜನ ಯಾರು? ಹೆಸರಷ್ಟೇ ಹೇಳಿ."

"ಹೆಸರು ಗೊತ್ತಿಲ್ಲ," ಎಂದ ಡೆಲ್ಮರ್. ಅದು ಅವನು ಅವತ್ತು ಹೇಳಿದ ಮೊದಲ ಅಪ್ಪಟ ಸತ್ಯ.

"ಹೆಸರೂ ಗೊತ್ತಿಲ್ಲದೋರನ್ನ ಅಜ್ಜಿ ಮೆಟ್ಟಿಲಿಗೆ ಕರ್ಕೊಂಡು ಹೋದ್ಯಾ?" ಗಾರ್ತನ ಮುಖ ಬಂಡೆಯ ಬಣ್ಣಕ್ಕೆ ತಿರುಗಿತು. "ಯಾವನಾದ್ರೂ ನಿನ್ನ ಹಿಂದೆ ಬರ್ತಾನಾ? ನಾಲ್ಕು ಜನ ಬಂದ್ರಾ?"

ಆಗ ನೊರೀನ್ ಕ್ಯಾನು ಕೆಳಗಿಟ್ಟು ಮುಂದೆ ಬಂದಳು. "ಯಾಕೆ ಬರಬಾರ್ದು?" ಎಂದು ಅಣ್ಣನನ್ನು ಕೇಳಿದಳು. "ಇಷ್ಟು ವರ್ಷ ನಿನ್ನ ಹಿಂದೆ ಬರ್ತಿರೋರಿಗೆ ಏನು ಕಣ್ಣು ಕಾಣ್ಸುತ್ತಾ? ನನ್ನ ಗಂಡನ್ನ ನಂಬ್ಕೊಂಡು ನಾಲ್ಕು ಗಾಡಿ ಹಿಂದೆ ಹೋಗಿವೆ. ನಾನೊಬ್ಬಳೇ ನಂಬ್ಲಿಲ್ಲ." ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂತು. ಡೆಲ್ಮರನ ಗಾಡಿಯ ಬಳಿ ಹೋಗಿ, ಐಸ್ ಪೆಟ್ಟಿಗೆಯ ಬೆಲ್ಟು ಬಿಚ್ಚಿ, ಅದನ್ನು ಹಿಂದಕ್ಕೆ ಎತ್ತಿಟ್ಟು, ತಾನು ಕೂತಳು. "ಇವತ್ತು ಇವನ ಪಕ್ಕ ನಾನು ಕೂರ್ತೀನಿ."

ಒಂದು ವರ್ಷದಿಂದ ಡೆಲ್ಮರ್ ಕಾಯುತ್ತಿದ್ದ ಗಳಿಗೆ ಅದು. ಬಂದದ್ದು ಹೀಗೆ, ಕಂಬಳಿ ಹೊದಿಸಿಕೊಂಡು. ನಿಜ ಹೇಳಿದರೆ ಸೀಟು ಮತ್ತೆ ಪೆಟ್ಟಿಗೆಗೆ ಹೋಗುತ್ತದೆ. ಹೇಳದಿದ್ದರೆ ಇಡೀ ಊರು ಇಲ್ಲದವರನ್ನು ಹುಡುಕುತ್ತದೆ. ಅವನು ಮೂರು ಸಲ ಬಾಯಿ ತೆರೆದ. ಮೂರು ಸಲವೂ ಶೆಲ್ಬಿ ಅದರೊಳಗೆ ನೀರು ಹುಯ್ದಳು.

"ಜಾಗ ಗೊತ್ತಿರೋದು ಇವರಿಗೆ. ಇವರೇ ಮುಂದೆ ಹೋಗ್ಲಿ," ಎಂದು ಅವಳು ಅಪ್ಪಣೆ ಮಾಡಿದಳು. "ಮೊಣಕಾಲಿನ ಹತ್ರ ಏನು ಸಿಗುತ್ತೋ ನೋಡಿಕೊಂಡು ಹೆಲಿಕಾಪ್ಟರಿಗೆ ಹೇಳ್ತೀನಿ."

ಹೀಗೆ ಡೆಲ್ಮರ್ ಪಿಕೆಟ್ ಬದುಕಿನಲ್ಲಿ ಮೊದಲ ಬಾರಿಗೆ ಒಂದು ದಂಡಿನ ಮುಂದಾಳಾದ. ಪಕ್ಕದಲ್ಲಿ ಹೆಂಡತಿ, ಹಿಂದೆ ಹನ್ನೊಂದು ಗಾಡಿ. ಅವುಗಳಲ್ಲಿ ಮೊದಲನೆಯದು ಗಾರ್ತನದು. ಅದರೊಳಗೆ ಸ್ಟ್ರೆಚರು, ಹಗ್ಗ, ಶೆಲ್ಬಿ, ವೆಂಡೆಲ್, ಜೊತೆಗೆ ತನ್ನ ತಟ್ಟೆಗಳನ್ನು ಯಾರ ಕೈಗೂ ಕೊಡದ ಆರ್ಡಿತ್. ಹೆಬ್ಬೆರಳನ್ನು ಡೆಲ್ಮರ್ ನೀರು ಕುಡಿದಷ್ಟು ಸುಲಭವಾಗಿ ಹತ್ತಿದ. ಮೊಣಕಾಲಿನಲ್ಲಿ ಗಾಡಿ ಮುಂಗಾಲೆತ್ತಿದಾಗ ನೊರೀನ್ ಉಸಿರು ಹಿಡಿದಳು. ಆದರೆ ಬೆಳಿಗ್ಗೆ ಎರಡು ಸಲ ಜಾರಿದ ಜಾಗ ಅವನಿಗೆ ಗೊತ್ತಿತ್ತು, ಚಕ್ರವನ್ನು ಒಂದು ಗೇಣು ಬಲಕ್ಕೆ ಹಾಕಿ ದಾಟಿದ.

"ಚೆನ್ನಾಗೇ ಓಡಿಸ್ತೀಯಲ್ಲೋ," ಎಂದಳು ನೊರೀನ್.

ಆ ಮಾತು ಕೇಳಿ ಡೆಲ್ಮರನಿಗೆ ಅಳು ಬಂತು. ಪಾಪ, ಆ ನಾಲ್ವರಿಗಾಗಿ ಅಳುತ್ತಿದ್ದಾನೆ ಎಂದು ಹಿಂದಿನವರು ತಿಳಿದರು.

ವೆಂಡೆಲ್ ಜಾಗ ತೋರಿಸಿದ. ಗಾಡಿಗಳು ಸಾಲಾಗಿ ನಿಂತವು. ಎಲ್ಲರೂ ಇಳಿದು, ಮೊಣಕಾಲಿನ ಅಂಚಿನ ಕೆಳಗಿನ ಬಂಡೆಗಳ ಬಳಿಗೆ ನಡೆದು ಹೋಗಿ ಟೋಪಿ ತೆಗೆದರು. ಬಂಡೆಯ ಮೇಲೆ ಕೆಂಪು ಕಲೆ ಬಿಸಿಲಿಗೆ ಅರ್ಧ ಒಣಗಿತ್ತು. ಆರ್ಡಿತ್ ಮೆಲುದನಿಯಲ್ಲಿ ಪ್ರಾರ್ಥನೆ ಶುರು ಮಾಡಿದಳು. ಶೆಲ್ಬಿ ವೈರ್‌ಲೆಸ್ಸನ್ನು ಬಾಯಿಯ ಹತ್ತಿರ ಹಿಡಿದಳು. "ನಾಲ್ಕು ಡಬ್ಬಿ, ನಾಲ್ಕು ಜನ. ಹೆಲಿಕಾಪ್ಟರ್ ಬೇಕಾಗುತ್ತೆ."

ನೊರೀನ್ ಬಾಗಿದಳು. ಕಲೆಯನ್ನು ನೋಡಿದಳು. ಮೂಸಿದಳು. ಎಲ್ಲರೂ ನೋಡುತ್ತಿದ್ದಂತೆ ಬೆರಳಿಂದ ಸವರಿ ನಾಲಿಗೆಗೆ ಇಟ್ಟುಕೊಂಡಳು. ಆರ್ಡಿತಳ ಪ್ರಾರ್ಥನೆ ನಡುವೆಯೇ ನಿಂತಿತು, ವೆಂಡೆಲ್ ಬಂಡೆಗೆ ಒರಗಿ ಕೂತ.

"ವಿನಿಗರ್ ಸ್ವಲ್ಪ ಮುಂದಾಗಿದೆ," ಎಂದಳು ನೊರೀನ್. "ಹೋದ ಸೆಪ್ಟೆಂಬರಲ್ಲಿ ಹಾಕಿದ್ದು. ಆಗ್ಲೇ ನನಗೆ ಅನುಮಾನ ಇತ್ತು."

"ಏನದು?" ಎಂದಳು ಶೆಲ್ಬಿ.

"ನನ್ನ ಬೀಟ್ರೂಟ್ ಉಪ್ಪಿನಕಾಯಿ." ನೊರೀನ್ ಒಂದು ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದಳು. "ಇದು ನನ್ನ ಫ್ರಿಜ್ಜಿನ ಸೋಡಾ." ಆಮೇಲೆ ನಿಧಾನವಾಗಿ ಗಂಡನತ್ತ ತಿರುಗಿದಳು. "ಡೆಲ್ಮರ್, ಬೆಳಿಗ್ಗೆ ನಿನ್ನ ಹಿಂದೆ ಎಷ್ಟು ಗಾಡಿ ಇತ್ತು?"

ಹನ್ನೊಂದು ಗಾಡಿಯ ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಕಂಬಳಿಯೊಳಗಿಂದ ಬಲಗೈಯನ್ನು ಹೊರತೆಗೆದ. ಐದೂ ಬೆರಳುಗಳನ್ನು ಒಂದೊಂದಾಗಿ ಮಡಚಿ ಅದನ್ನು ಮೇಲೆತ್ತಿದ.

ಮುಷ್ಟಿ.

ನಮ್ಮೂರಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊನೆಯ ಗಾಡಿಯವನಿಗೂ ಕಂಡಿತು.

ಮೊದಲು ಮಾತಾಡಿದವನು ವೆಂಡೆಲ್. "ನಾವು ಊಟ ಮುಗ್ಸಿ, ಕಾಫಿ ಮುಗ್ಸಿ, ಇಸ್ಪೀಟು ಮುಗ್ಸಿ ಕಾದ್ವಿ ಸಾರ್. ನನ್ನ ಹೆಂಡ್ತಿ ಕೈಲಿ ಸೋತೂ ಹೋದೆ."

"ಹೆಲಿಕಾಪ್ಟರ್ ಬೇಡ," ಎಂದು ಶೆಲ್ಬಿ ವೈರ್‌ಲೆಸ್ಸಿಗೆ ಹೇಳಿದಳು. ಯಾಕೆ ಎಂದು ಆ ಕಡೆಯವರು ಕೇಳಿದರು. "ಉಪ್ಪಿನಕಾಯಿ," ಎಂದು ಹೇಳಿ ಅವಳು ಗುಂಡಿ ಆರಿಸಿದಳು. "ಬ್ರದರ್ ಪಿಕೆಟ್, ಆ ಕಂಬಳಿ ವಾಪಸ್ ಕೊಡಿ."

"ಹಾಗಾದ್ರೆ ಯಾರೂ ಸತ್ತಿಲ್ವಾ?" ಎಂದಳು ಆರ್ಡಿತ್. ದನಿಯಲ್ಲಿ ಸಂತೋಷವೇ ಇತ್ತು, ಆದರೂ ತಟ್ಟೆಗಳ ಕಡೆ ಒಂದು ಸಲ ನೋಡಿದಳು.

ಗಾರ್ತನಿಗೆ ಇಂಥ ದಿನ ಇನ್ನೊಮ್ಮೆ ಸಿಗುವಂತಿರಲಿಲ್ಲ. "ಒಬ್ಬನೇ ಬಂದಿದ್ದೀಯ. ನೀನೇ ಬಣ್ಣ ಬಳಿದ ನಿಯಮಾನ ಮುರ್ದಿದ್ದೀಯ. ಇಲ್ಲದಿರೋ ಗಾಡಿ ತೋರ್ಸಿ ಊರೋರನ್ನೆಲ್ಲ ಬಂಡೆ ಹತ್ತಿಸಿದ್ದೀಯ. ಬಂಕಲ್ಲಿ ನಿಂತ್ಕೊಂಡು ನಿನಗೆ ನೀನೇ ಶಿಕ್ಷೆ ಬೇರೆ ಹೇಳ್ಕೊಂಡಿದ್ದೀಯ. ನೊರೀನ್, ಈ ಕಡೆ ಬಾ. ನನ್ನ ಗಾಡೀಲಿ ಸೀಟಿಲ್ಲ, ಸ್ಟ್ರೆಚರ್ ಮೇಲೆ ಮಲ್ಕೋ."

ನೊರೀನ್ ಸ್ಟ್ರೆಚರನ್ನು ನೋಡಿದಳು. ಅಣ್ಣನನ್ನು ನೋಡಿದಳು. ಆಮೇಲೆ ತಗ್ಗಿಸಿದ ತಲೆಯ ಗಂಡನನ್ನು ನೋಡಿದಳು. "ಮೇಲಿನ ತನಕ ಹತ್ತಿದ್ಯಾ?" ಎಂದು ಕೇಳಿದಳು.

"ಹತ್ತಿದೆ," ಎಂದ ಡೆಲ್ಮರ್. "ಗದ್ದಾನೂ ಹತ್ತಿದೆ. ಫೋಟೋ ಇದೆ." ಫೋನು ತೆಗೆದು ತೋರಿಸಿದ.

"ಇದು ಮೂಗಲ್ವಾ?"

"ಹಿಂದುಗಡೆ ಗದ್ದ ಇತ್ತು."

"ಯಾರದು?" ಎಂದ ಗಾರ್ತ್. ಯಾರೋ ಕಿಸಕ್ಕೆಂದರು.

ಇಲ್ಲೊಂದು ವಿಷಯ ಇತ್ತು. ಮೊಣಕಾಲು ದಾಟಿದ ಮೇಲೆ ಗಾಡಿಯನ್ನು ತಿರುಗಿಸಲು ಬರುವುದಿಲ್ಲ, ಮಡಿಲೂ ಅಷ್ಟು ಅಗಲವಿಲ್ಲ. ಹನ್ನೆರಡು ಗಾಡಿಗಳು ಸಾಲಾಗಿ ಸಿಕ್ಕಿಕೊಂಡಿದ್ದವು, ಎಲ್ಲಕ್ಕೂ ಮುಂದೆ ಇದ್ದದ್ದು ಡೆಲ್ಮರನದು. ಅವನು ಹತ್ತದೆ ಯಾರೂ ಹತ್ತುವಂತಿರಲಿಲ್ಲ. ನೊರೀನ್ ಅದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡಳು. ಗಾಡಿಗೆ ಹತ್ತಿ ಬೆಲ್ಟನ್ನು ತಾನೇ ಬಿಗಿದುಕೊಂಡಳು.

"ಸುಳ್ಳಿನ ಲೆಕ್ಕ ಮನೇಲಿ ಮಾಡೋಣ," ಎಂದಳು. "ಅವತ್ತು ನಾನೇನು ಹೇಳಿದ್ದೆ? ನಾಲ್ಕು ಜನ ನೋಡೋ ಹಾಗೆ ಹತ್ತು ಅಂತ. ಇಲ್ಲಿ ಊರೇ ನೋಡ್ತಿದೆ. ಹತ್ತು."

ಗದ್ದದ ಬುಡದಲ್ಲಿ ಎಲ್ಲರೂ ಇಳಿದು ಸುತ್ತ ನಿಂತರು. ಸಲಹೆ ಕೊಡುವುದರಲ್ಲಿ ನಮ್ಮೂರವರು ಜಿಪುಣರಲ್ಲ. "ಎಡಕ್ಕೆ ಎಡಕ್ಕೆ," ಎಂದರು ಕೆಲವರು. "ಬಲಕ್ಕೆ ಹಾಕಯ್ಯಾ," ಎಂದರು ಇನ್ನು ಕೆಲವರು. ವೆಂಡೆಲ್ ನೆಬ್ರಾಸ್ಕಾದಲ್ಲಿ ಜೋಳದ ಹೊಲದೊಳಗೆ ಟ್ರ್ಯಾಕ್ಟರ್ ಹೇಗೆ ತಿರುಗಿಸುತ್ತಾರೆ ಎಂದು ವಿವರಿಸಿದ. ಗಾಡಿ ಅರ್ಧ ಹತ್ತಿ ಗಡಗಡನೆ ಹಿಂದಕ್ಕೆ ಜಾರಿತು. ಗಾರ್ತ್ ಸಿಳ್ಳೆ ಹೊಡೆದ.

"ಬಸ್ಸಲ್ಲಿ ಹಿಂದಿನ ಸೀಟಿನ ಮಕ್ಕಳು ಗಲಾಟೆ ಮಾಡಿದ್ರೆ ಏನ್ ಮಾಡ್ತೀಯ?" ಎಂದು ನೊರೀನ್ ಕೇಳಿದಳು.

"ಕೇಳಿಸ್ದೇ ಇರೋ ಹಾಗೆ ಓಡಿಸ್ತೀನಿ."

"ಹಾಗೇ ಓಡಿಸು."

ಡೆಲ್ಮರ್ ಟೋಪಿಯನ್ನು ಕಿವಿಯ ತನಕ ಎಳೆದುಕೊಂಡ. ಬಸ್ಸಿನ ಬಾಗಿಲು ಹಾಕುವಾಗಿನ ಮುಖ ಮಾಡಿಕೊಂಡ. ಅವಸರವಿಲ್ಲದೆ, ಶಾಲೆಯ ಗೇಟಿನಿಂದ ಹೊರಡುವವನಂತೆ, ಮುಂದಿನ ಚಕ್ರವನ್ನು ಬಂಡೆಯ ತುಟಿಗೆ ಇಟ್ಟ. ಗಾಡಿ ನರಳಿತು, ಆಕಾಶ ನೋಡಿತು. ನೊರೀನ್ ಕಣ್ಣು ಮುಚ್ಚಲಿಲ್ಲ. ಹಿಂದಿನ ಚಕ್ರ ಒಂದಿಷ್ಟು ಹೊಗೆ ಬಿಟ್ಟು ಹಿಡಿತ ಕಂಡುಕೊಂಡಿತು. ಆಮೇಲೆ ಗಾಡಿ ಅಜ್ಜಿಯ ಗದ್ದದ ಮೇಲೆ ಸಮವಾಗಿ ನಿಂತಿತ್ತು. ಬೆಳಗಿನ ಕಾಗೆ ಅಲ್ಲೇ ಇತ್ತು. ಅದಕ್ಕೆ ಏನೂ ವಿಶೇಷ ಅನಿಸಿದಂತೆ ಕಾಣಲಿಲ್ಲ.

ಮುಂದಿನ ಸರದಿ ಗಾರ್ತನದು. ಅವನದು ಉದ್ದದ ಗಾಡಿ, ಒಳಗೆ ಸ್ಟ್ರೆಚರು, ಹಗ್ಗ, ನಾಲ್ಕು ತಟ್ಟೆ ಆಲೂಗಡ್ಡೆ. ಗದ್ದದ ನಡುವೆ ಹೊಟ್ಟೆ ಊರಿಕೊಂಡು, ನಾಲ್ಕೂ ಚಕ್ರ ಗಾಳಿಯಲ್ಲಿ ತಿರುಗಿಸುತ್ತ, ಕಲ್ಲಿನ ಮೇಲೆ ಎತ್ತಿಟ್ಟ ಆಮೆಯ ಹಾಗೆ ನಿಂತುಬಿಟ್ಟಿತು. ಅಧ್ಯಕ್ಷನಿಗೆ ಸಲಹೆ ಕೊಡಲು ಯಾರಿಗೂ ಧೈರ್ಯ ಬರಲಿಲ್ಲ. ಡೆಲ್ಮರ್ ತನ್ನ ಗಾಡಿಯ ಮುಂದಿನ ಉಕ್ಕಿನ ಹಗ್ಗ ಬಿಚ್ಚಿ ಕೆಳಗೆ ಎಸೆದ.

"ಕಟ್ಕೋ ಗಾರ್ತ್," ಎಂದ. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಆಡದೇ ಇದ್ದದ್ದೇ ಗಾರ್ತನಿಗೆ ಹೆಚ್ಚು ಉರಿಯಿತು.

ಮುಂದಿನ ವಾರವಿಡೀ ಪಿಕೆಟ್ಟನ ಮನೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಆಲೂಗಡ್ಡೆ ಚೀಸು. ಇಲ್ಲದ ನಾಲ್ಕು ಹೆಣಗಳ ಊಟವನ್ನು ಇದ್ದ ಒಬ್ಬನೇ ಉಣ್ಣಬೇಕಾಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಅಲ್ಲಿ ಮಾಡಿದವಳು ಆರ್ಡಿತ್, ಉಂಡವನು ಡೆಲ್ಮರ್, ಅಷ್ಟೇ ವ್ಯತ್ಯಾಸ. ಅವನು ಕಮಕ್ ಕಿಮಕ್ ಎನ್ನದೆ ತಿಂದ. ನೊರೀನ್ ಎದುರಿಗೆ ಕೂತು ಬೀಟ್ರೂಟ್ ಬಡಿಸಿದಳು.

ಸಂಘ ಸಭೆ ಸೇರಿ ತೀರ್ಪು ಕೊಟ್ಟಿತು. ಬಂಕಿನ ಭಾಷಣದಂತೆ ತಳ್ಳುಗಾಡಿಯನ್ನೂ ಮುಟ್ಟಗೊಡಬಾರದು ಎಂದು ಗಾರ್ತ್ ವಾದಿಸಿದ. ಉಕ್ಕಿನ ಹಗ್ಗದ ವಿಷಯವನ್ನು ಯಾರೋ ನೆನಪಿಸಿದ ಮೇಲೆ ಸ್ವಲ್ಪ ಮೆತ್ತಗಾದ. ಕೊನೆಗೆ ಗೊತ್ತುಮಾಡಿದ್ದು ಇದು: ಡೆಲ್ಮರ್ ಪಿಕೆಟ್ ಇನ್ನು ಮೇಲೆ ಯಾವಾಗಲೂ ಸಾಲಿನ ಕೊನೆಯ ಗಾಡಿ. ಅವನ ಕೈ ಬೆರಳು ಎಣಿಸುವ ಕೆಲಸಕ್ಕೆ ನಾಲಾಯಕ್ಕು, ಮುಷ್ಟಿಗೆ ಮಾತ್ರ ಲಾಯಕ್ಕು.

ಶನಿವಾರ ಬೆಳಿಗ್ಗೆ ಗಾರ್ತ್ ಎಂದಿನಂತೆ ತಂಗಿಗಾಗಿ ಹಾರ್ನ್ ಬಾರಿಸಿದ. ನೊರೀನ್ ಆ ಗಾಡಿಯನ್ನು ದಾಟಿಕೊಂಡು ಹೋಗಿ, ಅಣ್ಣನ ಖಾಲಿ ಸೀಟಿನಲ್ಲಿ ಐಸ್ ಪೆಟ್ಟಿಗೆ ಇಟ್ಟು ಬೆಲ್ಟು ಬಿಗಿದು, ವಾಪಸ್ ಬಂದು ಡೆಲ್ಮರನ ಪಕ್ಕ ಕೂತಳು. "ಅದಕ್ಕೆ ಚಳಿ ಆಗ್ದೇ ಇರೋ ಹಾಗೆ ನೋಡ್ಕೋ ಗಾರ್ತ್," ಎಂದಳು.

ಮಧ್ಯಾಹ್ನದ ಹೊತ್ತಿಗೆ ಕಿರಿದಾದ ಬಂಡೆದಾರಿಯಲ್ಲಿ ಎದುರಿನಿಂದ ಗಾಡಿಗಳು ಬಂದವು. ನಮ್ಮವರ ಬೆರಳುಗಳು ಒಂದೊಂದಾಗಿ ಇಳಿಯುತ್ತ ಬಂದು ಕೊನೆಗೆ ಡೆಲ್ಮರನ ಸರದಿ ಬಂತು. ಅವನು ಬಲಗೈ ಎತ್ತಿ ಮುಷ್ಟಿ ಹಿಡಿದ. ಪಕ್ಕದಲ್ಲಿ ನೊರೀನ್ ಕೂಡ ತನ್ನ ಕೈ ಎತ್ತಿ ಮುಷ್ಟಿ ಹಿಡಿದಳು. ಎದುರಿನವರು ಎರಡು ಮುಷ್ಟಿಗಳನ್ನು ನೋಡಿ, ಇದು ಈ ಊರಿನ ಹೊಸ ಪದ್ಧತಿ ಇರಬಹುದು ಎಂದುಕೊಂಡು, ತಾವೂ ಎರಡೆರಡು ಎತ್ತಿ ತೋರಿಸಿದರು.

"ಗಟ್ಟಿಯಾಗಿ ಹಿಡ್ಕೋ," ಎಂದಳು ನೊರೀನ್ ಮುಂದೆ ನೋಡುತ್ತಲೇ. "ಒಂದು ಬೆರಳು ಮೇಲೆದ್ರೂ ನಾನು ಇಳಿದು ನಡ್ಕೊಂಡು ಹೋಗ್ತೀನಿ."

ಡೆಲ್ಮರ್ ಗಟ್ಟಿಯಾಗಿ ಹಿಡಿದುಕೊಂಡ. ಎದುರಿನ ಗಾಡಿಗಳು ಹೋದವು, ದಾರಿ ಮುಗಿಯಿತು, ಊರು ಬಂತು. ಪೆಟ್ರೋಲ್ ಬಂಕಿನ ಮುಂದೆ ಗಾಡಿ ನಿಲ್ಲಿಸುವಾಗಲೂ ಅವನು ಒಂದೇ ಕೈಯಲ್ಲಿ ಓಡಿಸುತ್ತಿದ್ದ. ಇನ್ನೊಂದು ಕೈ ಮೇಲೇ ಇತ್ತು.